ಕೇಕಿನ ಗದ್ದ

ಇತ್ತೀಚೆಗೆ ನನಗೆ ಎಲ್ಲೆಂದರಲ್ಲಿ ನಿದ್ದೆ ಬರುತ್ತದೆ, ಬರಬೇಕಾದ ಕಡೆಯೊಂದನ್ನು ಬಿಟ್ಟು. ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು ಫ್ಯಾನಿನ ರೆಕ್ಕೆ ನೋಡುತ್ತಿರುತ್ತೇನೆ. ಆದರೆ ಡೆಂಟಿಸ್ಟನ ಕುರ್ಚಿಯಲ್ಲಿ, ಬಾಯೊಳಗೆ ಅವನ ಎರಡು ಬೆರಳು ಇರುವಾಗಲೇ ಗೊರಕೆ ಹೊಡೆದಿದ್ದೇನೆ. ಕಾನ್ವೆಂಟಿನಲ್ಲಿ ನಮಗೆ ಡಿಪೋರ್ಟ್‌ಮೆಂಟ್ ಎಂಬುದಕ್ಕೇ ಬೇರೆ ಮಾರ್ಕ್ಸ್ ಇತ್ತು. ಬೆನ್ನು ನೆಟ್ಟಗೆ, ಮಂಡಿ ಜೋಡಿಸಿ, ಕೈ ಮಡಿಲಲ್ಲಿ. ಈಗ ಅದೇ ಭಂಗಿಯಲ್ಲಿ ನಿದ್ದೆ ಹೋಗುತ್ತೇನೆ. ನೋಡಿದವರು ಅಜ್ಜಿ ಧ್ಯಾನದಲ್ಲಿದ್ದಾರೆ ಅಂದುಕೊಳ್ಳುತ್ತಾರೆ. ಸಿಸ್ಟರುಗಳು ಪಟ್ಟ ಶ್ರಮ ಪೂರ್ತಿ ವ್ಯರ್ಥವಾಗಲಿಲ್ಲ.

ಈ ನಿದ್ದೆಗೆ ಕಾರಣ ದೊಡ್ಡ ರಹಸ್ಯವೇನಲ್ಲ. ನಾಲ್ಕು ವರ್ಷದ ಹಿಂದೆ ನಮ್ಮವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತು ಅರ್ಧ ಹೋಯಿತು, ಹಟ ಮಾತ್ರ ಇಡಿಯಾಗಿ ಉಳಿಯಿತು. ಅಂದಿನಿಂದ ಅವರು ನನ್ನ ಕೈಯಿಂದ ಮಾತ್ರ ಊಟ ಮಾಡುತ್ತಾರೆ. ಬೇರೆ ಯಾರಾದರೂ ಚಮಚ ಹಿಡಿದರೆ ತುಟಿಯನ್ನು ಟ್ರಂಕಿನ ಹಾಗೆ ಮುಚ್ಚಿಬಿಡುತ್ತಾರೆ. ಒಂದೊಂದು ಊಟಕ್ಕೂ ಒಂದೊಂದು ಗಂಟೆ. ಟವೆಲ್ಲು ಕಟ್ಟುವುದು, ತುತ್ತು ಕೊಡುವುದು, ಗದ್ದ ಒರೆಸುವುದು, ಮತ್ತೆ ತುತ್ತು. ಆಯಾಸ ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತೇನೆ. ಆದರೆ ಹಾಗೆ ಹೇಳುವಾಗ ದನಿಯಲ್ಲೊಂದು ಸಣ್ಣ ಜಂಬ ಇಣುಕುತ್ತದೆಂದು ನನ್ನ ತಂಗಿ ಸುಶೀಲೆ ಬಹಳ ಹಿಂದೆಯೇ ಕಂಡುಹಿಡಿದಿದ್ದಾಳೆ.

ಬೆಂಗಳೂರಿನ ಸಹಕಾರನಗರದಲ್ಲಿ ಅವಳ ಮನೆ. ನಲವತ್ತು ವರ್ಷದಿಂದ ಅಲ್ಲಿದ್ದು ಅವಳ ಧಾರವಾಡದ ಮಾತೆಲ್ಲ ಕರಗಿಹೋಗಿದೆ. "ಅಕ್ಕಾ, ಒಂದ್ ವಾರ ಬಂದು ಸುಮ್ನೆ ಬಿದ್ಕೊಂಡಿರು. ಭಾವನ್ನ ವಸಂತ ನೋಡ್ಕೋತಾನೆ. ನೀನಿಲ್ದಿದ್ರೆ ಪ್ರಪಂಚ ನಿಂತೋಗಲ್ಲ" ಎಂದು ಫೋನಿನಲ್ಲಿ ಗದರಿದಳು. ವಸಂತ ನಮ್ಮವರ ತಮ್ಮ. ರಿಟೈರ್ ಆಗಿದ್ದಾನೆ, ಒಳ್ಳೆಯವನು. ಆದರೆ ಹಾಲು ಉಕ್ಕುವುದನ್ನು ನೋಡುತ್ತಲೇ ನಿಂತು, ಉಕ್ಕಿದ ಮೇಲೆ "ಉಕ್ಕತು ನೋಡ್ರಿ" ಎಂದು ವರದಿ ಒಪ್ಪಿಸುವ ಜಾತಿ. ಅವನ ಕೈಗೆ ಗಂಡನನ್ನು ಒಪ್ಪಿಸಿ ಬೆಂಗಳೂರಿಗೆ ಬಂದೆ. ಬಂದೆನೇ ಹೊರತು ಪೂರ್ತಿ ಬಂದಿರಲಿಲ್ಲ. ಮೊದಲ ದಿನ ಅವರು ಅರ್ಧ ಊಟ ಬಿಟ್ಟರು. ಎರಡನೆಯ ದಿನ ಬರೀ ಹಾಲು. ಮೂರನೆಯ ಬೆಳಗ್ಗೆ ವಸಂತನಿಗೆ ಹೇಳಿದೆ: "ಇವತ್ತ ಮಧ್ಯಾಹ್ನನೂ ಬಾಯಿ ತೆರೀಲಿಲ್ಲಂದ್ರ ನಾ ರಾತ್ರಿ ಗಾಡಿಗೆ ಹೊಂಡ್ತೀನಿ." ಯಶವಂತಪುರದಿಂದ ರಾತ್ರಿ ಗಾಡಿ ಹತ್ತಿದರೆ ಬೆಳಗಿಗೆ ಧಾರವಾಡದ ಮನೆ. ಹಾಗೆ ಹೋದರೆ ಮತ್ತೆಂದೂ ಹೊರಗೆ ಕಾಲಿಡುವುದಿಲ್ಲವೆಂದು ನನಗೆ ಗೊತ್ತಿತ್ತು. ಸುಶೀಲೆಗೂ ಗೊತ್ತಿತ್ತು. ಅವಳು ಒಗ್ಗರಣೆ ಜೋರಾಗಿ ಸಿಡಿಸಿದಳು.

ಆ ದಿನವೇ ಅವಳ ಮಗಳು ರಶ್ಮಿ ನನ್ನನ್ನು ಕೇಕ್ ಡೆಕೋರೇಷನ್ ವರ್ಕ್‌ಶಾಪಿಗೆ ಎಳೆದುಕೊಂಡು ಹೋದದ್ದು.

"ದೊಡ್ಡಮ್ಮ, ಬರೀ ಮೂರ್ ಗಂಟೆ ಕಣೇ. ನಿಂಗೂ ಸ್ವಲ್ಪ ಮೀ-ಟೈಮ್ ಬೇಕು."

ಮೀ-ಟೈಮ್! ನಮ್ಮ ಇಂಗ್ಲಿಷ್ ಸಿಸ್ಟರ್ ಈ ಪದ ಕೇಳಿದ್ದರೆ ಬೋರ್ಡಿನ ಮೇಲೆ ನೂರು ಸಲ ಬರೆಸಿ ನೂರು ಸಲ ಒರೆಸುತ್ತಿದ್ದರು. ಕಾರು ಯಲಹಂಕದ ಕಡೆ ಹೊರಟಿತು. ಅಂದರೆ ಬಹಳ ಹೊತ್ತು ನಿಂತಿತು. ಮೇಲೆ ಒಂದು ವಿಮಾನ ಚಕ್ರ ಬಿಚ್ಚಿಕೊಂಡು ಇಳಿಯುತ್ತಿತ್ತು. ಕೆಳಗೆ ನಾವು ಇಳಿಯಲಾರದೆ, ಏರಲಾರದೆ ಕೂತಿದ್ದೆವು. ನಾನು ಡಿಪೋರ್ಟ್‌ಮೆಂಟಿನಲ್ಲಿ ಪೂರ್ಣ ಅಂಕ ಪಡೆದು ನಿದ್ದೆ ಹೋದೆ.

ವರ್ಕ್‌ಶಾಪ್ ಅಂದರೆ ಏನೋ ದೊಡ್ಡ ಹೋಟೆಲಿನಲ್ಲಿ ಅಂದುಕೊಂಡಿದ್ದೆ. ಅದು ಯಲಹಂಕದ ಹಳೆಯ ರೈತರ ಮನೆ. ಅವರ ಹೊಲವೆಲ್ಲ ಚಿಕ್ಕಜಾಲದ ಕಡೆ ಲೇಔಟ್ ಆಗಿ, ಮನೆ ಮೂರಂತಸ್ತು ಬೆಳೆದು, ದನದ ಕೊಟ್ಟಿಗೆ ಸೊಸೆ ಹೇಮಾಳ ಕೇಕ್ ಸ್ಟುಡಿಯೋ ಆಗಿದೆ. ಗೇಟಿನ ಬಳಿ ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, "ಕೇಕ್‌ಗೆ ಬಣ್ಣ ಬಳ್ಯಾಕ್ ಬಂದ್ರಾ? ಇಂಗೇ ಒಳಿಕ್ಕೋಗಿ. ಚಪ್ಲಿ ಆಚೇನೇ ಬಿಡಿ, ಮದ್ಲು ಅದು ಅಸ ಕಟ್ಟೋ ಜಾಗ" ಎಂದರು. ಹಸುಗಳು ಹೋದರೂ ಜಾಗದ ಮಡಿ ಹೋಗಿರಲಿಲ್ಲ. ನನಗೆ ಅದು ಹಿಡಿಸಿತು.

ಒಳಗೆ ಏಸಿ, ಬಿಳಿ ಟೈಲ್ಸು, ಉದ್ದನೆಯ ಮೇಜು. ನಮ್ಮ ಜೊತೆ ನಾಲ್ಕು ಹುಡುಗಿಯರು. ಎಲ್ಲರಿಗೂ ಏಪ್ರನ್ ಕೊಟ್ಟರು. ನನ್ನದರ ಮೇಲೆ 'ಬಾಸ್ ಲೇಡಿ' ಎಂದಿತ್ತು. ಮಾಡುವುದೇನಪ್ಪ ಎಂದರೆ, ಕೇಕ್ ಆಗಲೇ ಬೆಂದಿರುತ್ತದೆ. ಕೆನೆ ಆಗಲೇ ಕಡೆದಿರುತ್ತದೆ. ನಾವು ಬಳಿಯಬೇಕು, ಅಷ್ಟೇ. ನನಗೆ ಇದು ಕೊಂಚ ನಾಚಿಕೆಯ ವಿಷಯವಾಗಿ ಕಂಡಿತು. ನಮ್ಮ ಕಡೆಯ ಸಿಹಿಗಳು ಅಲಂಕಾರಕ್ಕೆ ಸೊಪ್ಪು ಹಾಕಿದವಲ್ಲ. ಹೋಳಿಗೆಯನ್ನು ನೋಡಿ: ಮುಖದ ತುಂಬ ಸುಟ್ಟ ಕಲೆ, ಆದರೂ ಎಂಥ ಆತ್ಮವಿಶ್ವಾಸ! ಪೇಡೆಗೆ ಸಕ್ಕರೆ ಪುಡಿ ಮೆತ್ತಿದರೆ ಅದೇ ಅದರ ಪೌಡರು. ಲಾಡುವಿನ ನೆತ್ತಿಗೊಂದು ದ್ರಾಕ್ಷಿ ಒತ್ತಿದರೆ ಸಿಂಗಾರ ಮುಗಿಯಿತು. ಸಂಕ್ರಾಂತಿಯ ಸಕ್ಕರೆ ಅಚ್ಚೊಂದೇ ಅಂದಕ್ಕಾಗಿ ಹುಟ್ಟಿದ್ದು. ಅದನ್ನು ಮಾತ್ರ ಯಾರೂ ಪೂರ್ತಿ ತಿನ್ನುವುದಿಲ್ಲ. ಗಿಣಿಯ ಬಾಲ ಕಡಿದು ಡಬ್ಬಿಗೆ ಹಾಕಿಡುತ್ತಾರೆ, ಇರುವೆಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಡೆಸರ್ಟ್ ಎನ್ನುವ ಪದವೂ ವಿಚಿತ್ರದ್ದು. ಕಾನ್ವೆಂಟಿನಲ್ಲಿ ನಮಗೆ ಹೇಳಿಕೊಟ್ಟಿದ್ದರು, ಅದು ಫ್ರೆಂಚ್‌ನಿಂದ ಬಂದದ್ದು, ಬಡಿಸಿದ್ದನ್ನೆಲ್ಲ ತೆಗೆದು ಮೇಜು ಖಾಲಿ ಮಾಡುವುದು ಎಂದು ಅದರ ಮೂಲ. ಊಟವೆಲ್ಲ ಆದ ಮೇಲೆ, ಇನ್ನು ಬಡಿಸುವ ಕೆಲಸ ಇಲ್ಲ ಎನ್ನುವ ಹೊತ್ತಿಗೆ ಬರುವ ತಿನಿಸು. ಎಂಥ ಚೆಂದದ ಕಲ್ಪನೆ ಎಂದು ಆಗ ಅನ್ನಿಸಿತ್ತು. ಬಡಿಸುವುದು ಮುಗಿಯುವ ಹೊತ್ತು ಅಂತ ಒಂದು ಇರುತ್ತದೆ ಎಂದು ನಂಬಿದ್ದೆ. ಹದಿನಾಲ್ಕು ವರ್ಷದ ಹುಡುಗಿಯರು ಏನನ್ನು ಬೇಕಾದರೂ ನಂಬುತ್ತಾರೆ.

ಹೇಮಾ ತಿರುಗುವ ಸ್ಟ್ಯಾಂಡಿನ ಮೇಲೆ ಕೇಕ್ ಇಟ್ಟು, ಚಪ್ಪಟೆ ಚಾಕುವಿನಲ್ಲಿ ಕೆನೆ ಸವರುವುದು ತೋರಿಸಿದಳು. "ಫಸ್ಟು ತೆಳ್ಳಗೆ ಒಂದ್ ಕೋಟು. ಕೇಕಿನ ಪುಡಿಯೆಲ್ಲ ಅದ್ರಲ್ಲೇ ಅಂಟ್ಕೊಳುತ್ತೆ. ಆಮೇಲೆ ಫ್ರಿಜ್‌ನಲ್ಲಿಟ್ಟು ಸೆಟ್ ಮಾಡಿ, ಮೇಲೆ ನೀಟಾಗಿ ಇನ್ನೊಂದ್ ಕೋಟು, ಅದರ ಮೇಲೆ ರೋಸು. ಈ ಮೊದಲ್ನೇದು ಯಾರಿಗೂ ಕಾಣಲ್ಲ ಆಂಟಿ, ಹೆಂಗಿದ್ರೂ ಪರ್ವಾಗಿಲ್ಲ."

ಹೇಗಿದ್ದರೂ ಪರವಾಗಿಲ್ಲ ಎಂದು ನನಗೆ ಯಾರೂ ಹೇಳದೆ ಎಷ್ಟು ಕಾಲವಾಗಿತ್ತೋ! ಖುಷಿಯಾಗಿ ಸವರಿದೆ. ಸವರಿದ್ದು ಹೌದು, ಆದರೆ ಪ್ರತಿ ಸಲ ಚಾಕು ಎತ್ತಿದಾಗಲೂ ಎಡಗೈ ತಾನಾಗಿ ಹೋಗಿ, ಕೇಕಿನ ಕೆಳ ಅಂಚಿನಲ್ಲಿ ಇಳಿದ ಕೆನೆಯನ್ನು ಕರ್ಚೀಫಿನಿಂದ ಒರೆಸುತ್ತಿತ್ತು. ಕೊಟ್ಟೆ, ಒರೆಸಿದೆ. ಕೊಟ್ಟೆ, ಒರೆಸಿದೆ.

"ವಾವ್, ಆಂಟಿ ಎಷ್ಟ್ ಕ್ಲೀನಾಗಿ ಎಡ್ಜ್ ತೆಗೀತಾರ್ ನೋಡ್ರೇ! ಮೊದ್ಲೇ ಕಲ್ತಿದೀರಾ?" ಎಂದಳು ಹೇಮಾ.

ರಶ್ಮಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಯಿತು. "ದೊಡ್ಡಮ್ಮ," ಎಂದಳು ಮೆಲ್ಲಗೆ, "ಅದು ಕೇಕು. ಅದಕ್ಕೆ ಗದ್ದ ಇಲ್ಲ."

ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.

ಕೇಕುಗಳು ಫ್ರಿಜ್ಜಿಗೆ ಹೋದವು. ಅವು ಗಟ್ಟಿಯಾಗುವವರೆಗೆ ಹುಡುಗಿಯರು ಕಾಗದದ ಮೇಲೆ ಗುಲಾಬಿ ಹಿಂಡುವುದನ್ನು ಅಭ್ಯಾಸ ಮಾಡುತ್ತಿದ್ದರು. ನಾನು ಮೂಲೆಯ ದಿವಾನದ ಮೇಲೆ ಒಂದು ನಿಮಿಷ ಕೂತೆ. ನನ್ನ ಒಂದು ನಿಮಿಷಗಳು ಹೇಗಿರುತ್ತವೆಂದು ಈಗ ನಿಮಗೆ ಗೊತ್ತಿದೆ. ಈ ಸಲ ಮಂಡಿ ಜೋಡಿಸಲೂ ಇಲ್ಲ. ಮಗ್ಗುಲಾಗಿ, ಕಾಲೆತ್ತಿ, ಬಾಸ್ ಲೇಡಿಯ ಸಮೇತ ಮಲಗಿಬಿಟ್ಟೆ. ಯಾರೋ ದಿಂಬು ಕೊಟ್ಟದ್ದು, "ಎಬ್ಬರಿಸ್ಬೇಡ್ರವ್ವಾ, ಪಾಪ, ಎಷ್ಟ್ ದಿನದ್ ನಿದ್ದೇನೋ" ಎಂದು ಗೇಟಿನ ಬಳಿಯ ದನಿ ಹತ್ತಿರದಲ್ಲೇ ಕೇಳಿದ್ದು ಮಾತ್ರ ನೆನಪಿದೆ.

ಎಬ್ಬಿಸಿದ್ದು ಫೋನು. ವಸಂತನ ವೀಡಿಯೋ ಕಾಲ್. ಊಟದ ಹೊತ್ತು! ರಾತ್ರಿ ಗಾಡಿ, ಟಿಕೆಟ್ಟು, ಸುಶೀಲೆಯ ಮುಖ ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಕೂದಲು ಸರಿ ಮಾಡಿಕೊಳ್ಳದೆ ಹಸಿರು ಗುಂಡಿ ಒತ್ತಿದೆ.

ಪರದೆಯಲ್ಲಿ ನಮ್ಮವರು. ಟವೆಲ್ಲಿಲ್ಲ. ಗದ್ದದ ಮೇಲೆ ಮಜ್ಜಿಗೆ ಬೆರೆಸಿದ ನುಚ್ಚು ಇಳಿದಿದೆ. ಬಾಯಿ ಆಡುತ್ತಿದೆ.

"ನೋಡ್ರಿ ವೈನಿ, ಎರಡನೇ ಸರ್ತಿ ಹಾಕಿಸ್ಕೊಂಡಾನ!" ವಸಂತನ ದನಿ.

"ಏನ್ ಮಾಡಿದ್ಯೋ ವಸಂತಾ?"

"ಏನಿಲ್ರಿ. ನನಗ ಹೊಟ್ಟಿ ತಾಳ್ಳಿಲ್ಲ. ಅವಗ ಉಣಿಸಿ ಆಮ್ಯಾಲೆ ಉಣ್ಣೂದಂದ್ರ ನನ್ನ ಕಡಿಂದ ಆಗಂಗಿಲ್ರಿ. ಅವನ ಮುಂದನ ನನ್ನ ತಾಟು ಇಟ್ಕೊಂಡು ಉಣ್ಣಲಿಕ್ಕೆ ಕೂತೆ. ಒಂದೀಟು ನೋಡಿದಾ, ನೋಡಿದಾ, ಬಾಯಿ ತೆರದಾ. ಈಗ ನನಗೊಂದು ತುತ್ತು, ಅವಗೊಂದು ತುತ್ತು. ಒಬ್ಬಾಂವನ ಹ್ಯಾಂಗ ಉಂಡಾನ್ರಿ ಮನಷ್ಯಾ?"

ನಮ್ಮವರು ಫೋನಿನ ಕಡೆ ತಿರುಗಿದರು. ಪ್ರಯತ್ನಪಟ್ಟು ತುಟಿ ಹೊಂದಿಸಿಕೊಂಡರು. "ನೀ... ಉಂಡ್ಯಾ?"

ಇದೇನೂ ಹೊಸ ಮಾತಲ್ಲ. ನಾಲ್ಕು ವರ್ಷದಿಂದ ಪ್ರತಿ ಊಟದಲ್ಲೂ ಕೇಳುತ್ತಿದ್ದಾರೆ. ನಾನು ಪ್ರತಿ ಸಲವೂ "ಆಮ್ಯಾಲೆ, ನೀವು ಮೊದಲು ಬಾಯಿ ತೆಗೀರಿ" ಎನ್ನುತ್ತಿದ್ದೆ. ಅವರ ಊಟ ಮುಗಿಸಿ, ಪಾತ್ರೆ ಎತ್ತಿ, ಅಡಿಗೆ ಕಟ್ಟೆಗೆ ಒರಗಿ ನಿಂತೇ ಆರಿದ ಅನ್ನ ತಿನ್ನುತ್ತಿದ್ದೆ. ಸ್ಟ್ರೋಕ್ ಆದವರಲ್ಲಿ ಕೆಲವು ಮಾತುಗಳು ಅರ್ಥವಿಲ್ಲದೆ ನಾಲಿಗೆಯ ಮೇಲೆ ಉಳಿದುಬಿಡುತ್ತವೆ ಎಂದು ಎಲ್ಲೋ ಓದಿದ್ದೆ. ಇದೂ ಅಂಥದೊಂದು ಅಂದುಕೊಂಡಿದ್ದೆ. ಅದೊಂದು ಪ್ರಶ್ನೆ, ಅದರ ಉತ್ತರಕ್ಕಾಗಿ ಆ ಮನುಷ್ಯ ಗಂಟೆಗಟ್ಟಲೆ ಬಾಯಿ ಬಿಗಿದು ಕಾಯುತ್ತಿದ್ದಿರಬಹುದು ಎಂದು, ಇಷ್ಟು ಇಂಗ್ಲಿಷ್ ಕಲಿತ ನನಗೆ ಹೊಳೆದಿರಲಿಲ್ಲ.

"ತಡೀರಿ" ಎಂದೆ ಫೋನಿಗೆ. "ಹೇಮಾ, ನನ್ನ ಕೇಕ್ ತಗೊಂಡು ಬಾರಮ್ಮ. ಒಂದು ಚಾಕೂ ಕೊಡು."

"ಅಯ್ಯೋ ಆಂಟಿ, ಅದಿನ್ನೂ ಫಸ್ಟ್ ಕೋಟು. ರೋಸ್ ಹಾಕ್ಬೇಕು!"

"ಹಂಗೇ ಇರ್ಲಿ ಬಿಡಿ ಹೇಮಾ," ಎಂದಳು ರಶ್ಮಿ. "ನೇಕೆಡ್ ಕೇಕ್ ಅಂತ ಈಗ ಅದೇ ಟ್ರೆಂಡು."

"ಛೀ, ನಾನ್ಸೆನ್ಸ್! ನಾನು ಕಾನ್ವೆಂಟಿನಲ್ಲಿ ಓದಿದವಳು. ಅದಕ್ಕೇ ಬೆತ್ತಲೆ ಕೇಕನ್ನು ಮನೆಗೆ ಒಯ್ಯೋದಿಲ್ಲ, ಇಲ್ಲೇ ತಿಂದು ಮುಗಿಸ್ತೀನಿ" ಎಂದೆ.

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಅದರ ಎದುರು ಕುರ್ಚಿ ಎಳೆದುಕೊಂಡು ಕೂತೆ. ಮುದುಕಿ ಒಬ್ಬಳು ಫೋನಿನ ಮುಂದೆ ಕೇಕ್ ತಿನ್ನುವುದರಲ್ಲಿ ನೋಡುವಂಥದ್ದು ಏನಿದೆಯೋ, ಹುಡುಗಿಯರು ಗುಲಾಬಿ ಬಿಟ್ಟು ನೋಡುತ್ತಿದ್ದರು. ನಾನೊಂದು ತುಂಡು ಬಾಯಿಗಿಟ್ಟೆ. ಅಲ್ಲಿ ವಸಂತ ಒಂದು ತುತ್ತು ಕೊಟ್ಟ, ಇವರು ತೆಗೆದುಕೊಂಡರು. ಇಬ್ಬರ ಬಾಯೂ ಒಟ್ಟಿಗೆ ಆಡಿತು. ಗದ್ದ ಒರೆಸಬೇಕೆಂದು ಕೈ ಎರಡು ಸಲ ಫೋನಿನವರೆಗೆ ಹೋಗಿ ಬಂತು. ಅತ್ತೆಯವರೂ ಒಳಗೆ ಬಂದು, ನಾನು ಕೊಟ್ಟ ತುಂಡನ್ನು ಅವರೆಕಾಯಿ ಕೈಯಲ್ಲೇ ಬಾಯಿಗೆ ಹಾಕಿಕೊಂಡು, "ಮೆತ್ತಗೈತೆ, ಬೆಲ್ಲ ಆಕಿ ಮಾಡೋ ಆಲುಬಾಯಿ ಇದ್ದಂಗೆ. ದಿನಾ ಇದ್ಕೆ ಊವ ಯಾಕ್ ಮುಡಿಸ್ತಾಳೋ ನಮ್ಮುಡ್ಗಿ" ಎಂದರು. ಹೇಮಾ ತಲೆ ಚಚ್ಚಿಕೊಂಡಳು.

ಹಿಂತಿರುಗುವಾಗ ರಶ್ಮಿ ಕೇಳಿದಳು, "ಏನ್ ದೊಡ್ಡಮ್ಮ, ರಾತ್ರಿ ಟ್ರೇನ್ ಕ್ಯಾನ್ಸಲ್ಲಾ?"

"ಕ್ಯಾನ್ಸಲ್. ವಾರ ಪೂರ್ತಿ ಇರ್ತೀನಿ. ಮನೆಗೆ ಹೋದ ಮೇಲೆ ಊಟಕ್ಕೆ ಎರಡು ತಾಟು" ಎಂದೆ. ಹೇಳುವುದು ಸುಲಭವಾಗಿತ್ತು. ಆದರೆ ಒಳಗೆ ಏನೋ ಒಂದು ಪೆಚ್ಚಾಗಿ ಕೂತಿತ್ತು. ಅವರಿಗೆ ನನ್ನ ಕೈಯೇ ಆಗಬೇಕು ಎಂಬುದರ ಮೇಲೆ ನಾಲ್ಕು ವರ್ಷ ನಿಂತಿದ್ದೆ. ಅದನ್ನು ವಸಂತ, ಹಾಲು ಉಕ್ಕಿಸುವ ವಸಂತ, ತನ್ನ ಹಸಿವಿನಿಂದ ಒಂದೇ ಮಧ್ಯಾಹ್ನದಲ್ಲಿ ಎತ್ತಿಹಾಕಿಬಿಟ್ಟ. ಭಾರ ಇಳಿದವರು ಹಗುರಾಗುತ್ತಾರೆ ಎನ್ನುತ್ತಾರಲ್ಲ, ಇಳಿದ ಹೊಸತರಲ್ಲಿ ಸ್ವಲ್ಪ ತೂರಾಡುತ್ತಾರೆ ಎಂಬುದನ್ನೂ ಸೇರಿಸಿ ಹೇಳಬೇಕು.

ಸಂಜೆಯ ಊಟದ ಹೊತ್ತಿಗೆ ನಾನೇ ಫೋನ್ ಮಾಡಿದೆ. ಬೇಳೆಸಾರು, ಅನ್ನ, ಮೇಲೆ ಬಾಳೆಹಣ್ಣು, ಎಲ್ಲ ಒಂದಗಳೂ ಬಿಡದೆ ಮುಗಿಸಿ, ಇನ್ನೇನಿದೆ ಎಂದು ಕೇಳಿದರಂತೆ. ನನಗೆ ತುಂಬ ಸಂತೋಷವಾಯಿತು, ನಿಜವಾಗಿಯೂ ಆಯಿತು. ಆದರೂ ನನ್ನ ಮರ್ಯಾದೆಗಾದರೂ ಒಂದು ತುತ್ತು ಬಿಡಬಹುದಿತ್ತು.