ರೈಲು ಟೈಮಿಗೆ ಬಂದ ದಿನ

ಹೋದ ಭಾನುವಾರ ನಮ್ಮ ರೈಲು ಸರಿಯಾದ ಟೈಮಿಗೆ ಬಂತು. ಅದರಿಂದಾಗಿ ನನ್ನ ತಂಗಿಯ ನೌಕರಿ ಹೋಗುವುದರಲ್ಲಿತ್ತು.

ನಗಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ. (ನನ್ನ ಹೆಂಡತಿ ಆ ಕೆಲಸವನ್ನು ಈಗಾಗಲೇ ಮನಸಾರೆ ಮಾಡಿದ್ದಾಳೆ.)

ತಂಗಿ ಭಾರತಿ ಇರುವುದು ಸಿಂದಗಿಯಲ್ಲಿ. ಹದಿನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕಿ. ಅಂದರೆ, ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ವರ್ಷವೂ ಫೋನು ಹಿಡಿದು ಕೂರುವ ಕೆಲಸ. ಈ ಸಲ ಕಾಯಂ ಹುದ್ದೆಯ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಮೂಲ ದಾಖಲೆಗಳ ಪರಿಶೀಲನೆ. ಹಾಜರಾಗದಿದ್ದರೆ ಪಟ್ಟಿಯಿಂದ ಹೆಸರು ಔಟ್.

ದೀಪಾವಳಿ ರಜೆ ಮುಗಿದು ಊರಿಗೆ ಊರೇ ಬೆಂಗಳೂರಿಗೆ ವಾಪಸು ಹೊರಟಿತ್ತು. ಬಸ್ಸುಗಳೆಲ್ಲ ಫುಲ್. ಹೇಗೋ ರೈಲಿನಲ್ಲಿ ಒಂದು ಬರ್ತ್ ಸಿಕ್ಕಿತ್ತು. ಆದರೆ ಸಿಂದಗಿಗೆ ರೈಲೆಲ್ಲಿದೆ? ಮುದ್ದೇಬಿಹಾಳಕ್ಕೂ ಇಲ್ಲ. ಚುನಾವಣೆ ಬಂದಾಗ ಸರ್ವೆ ಬರುತ್ತದೆ, ರೈಲು ಬರುವುದಿಲ್ಲ. ನಮ್ಮ ಬಾಗೇವಾಡಿಗೆ, ಇಂಡಿಗೆ ಇದೆ ಅನ್ನುತ್ತಾರೆ. ಊರ ಹೆಸರಿಗೆ 'ರೋಡ್' ಅಂತ ಬಾಲ ಹಚ್ಚಿದ ಸ್ಟೇಷನ್ನುಗಳು. ಆ ರೋಡು ಹಿಡಿದು ಊರಿನಿಂದ ಸಾಕಷ್ಟು ದೂರ ಹೋದ ಮೇಲೆ ಸ್ಟೇಷನ್ ಸಿಗುತ್ತದೆ.

ಹೀಗಾಗಿ ಭಾರತಿ ದೇವರ ಹಿಪ್ಪರಗಿ ಮೇಲಿನ ಬಸ್ಸು ಹಿಡಿದು ಮಧ್ಯಾಹ್ನವೇ ನಮ್ಮ ಮನೆಗೆ ಬಂದಳು. ಸಂಜೆ ಐದೂವರೆಯ ರೈಲು. ನಾನು ಕಾರಿನಲ್ಲಿ ಬಿಟ್ಟು ಬರುವುದೆಂದು ಮಾತಾಗಿತ್ತು. ಅಣ್ಣನ ಮನೆ, ಅಣ್ಣನ ಕಾರು. ಇನ್ನೇನು ಚಿಂತೆ?

ನಾಲ್ಕೂವರೆಗೆ ಅವಳು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು. ನಾನು ನಕ್ಕೆ. ಆ ರೈಲಿನ ಜಾತಕ ನನಗೆ ಗೊತ್ತಿತ್ತು ನೋಡಿ! ಐದೂವರೆ ಅಂತ ಬೋರ್ಡಿನಲ್ಲಿ ಬರೆದಿದೆ, ಬರುವುದು ಆರೂಕಾಲಿನ ಮೇಲೆ. ಇದೇ ಅಂಕಣದಲ್ಲಿ ಎಷ್ಟು ಸಲ ಬರೆದು ಕೈ ನೋಯಿಸಿಕೊಂಡಿದ್ದೇನೆ, ನೀವೇ ಓದಿದ್ದೀರಿ. ಈಗಲೇ ಹೋಗಿ ಬೆಂಚಿನ ಮೇಲೆ ಸೊಳ್ಳೆ ಹೊಡೆಯುತ್ತ ಕೂರುವುದಕ್ಕಿಂತ ಮನೆಯಲ್ಲೇ ಇನ್ನೊಂದು ಚಹಾ ಆಗಲಿ ಅಂದೆ.

ಟಿವಿಯಲ್ಲಿ ಬೆಂಗಳೂರಿನ ಮೆಟ್ರೊ ಚರ್ಚೆ ನಡೆದಿತ್ತು. ಹೊಸ ಮಾರ್ಗ ಯಾವಾಗ, ಆ ತುದಿಗೂ ಈ ತುದಿಗೂ ಜೋಡಣೆ ಯಾವಾಗ ಎಂದು ನಾಲ್ಕು ಜನ ಕೂಗಾಡುತ್ತಿದ್ದರು. ಒಬ್ಬಾತನಿಗೆ ಪ್ಲಾಟ್‌ಫಾರ್ಮಿನಲ್ಲಿ ಹತ್ತು ನಿಮಿಷ ಕಾಯಬೇಕಾಯಿತಂತೆ. ಹತ್ತು ನಿಮಿಷ! ಅವನನ್ನು ಒಂದು ದಿನ ನಮ್ಮ ಸ್ಟೇಷನ್ನಿಗೆ ಕಳಿಸಿ ಎಂದು ನಾನು ಟಿವಿಗೇ ಹೇಳಿ, ಚಹಾ ಹೀರಿದೆ.

ಭಾರತಿ ಎರಡು ಸಲ ಫೋನು ತಂದು ತೋರಿಸಿದಳು. ರೈಲು ಸರಿಯಾದ ಸಮಯಕ್ಕೆ ಬರುತ್ತಿದೆ ಎಂದೇ ಅದರಲ್ಲಿತ್ತು. ಅದು ಯಾವಾಗಲೂ ಹಾಗೇ ತೋರಿಸುತ್ತದೆ, ಕೊನೆಗಳಿಗೆಯಲ್ಲಿ ರಾಗ ಬದಲಿಸುತ್ತದೆ ಅಂದೆ. ನನ್ನ ಹೆಂಡತಿಯೂ ಅಡುಗೆಮನೆಯಿಂದ ಗದರಿದಳು. ಹೆಂಗಸರಿಗೆ ಸುಮ್ಮನೆ ಗಾಬರಿ ಅಂದುಕೊಂಡೆ. (ಹೌದು, ಹಾಗೆಯೇ ಅಂದುಕೊಂಡೆ. ಮುಚ್ಚಿಟ್ಟು ಏನು ಮಾಡಲಿ?)

ಹೊರಟಾಗ ಐದೂಕಾಲು. ಸ್ಟೇಷನ್ ಮುಟ್ಟಿದಾಗ ಐದೂ ಮುಕ್ಕಾಲು.

ಪ್ಲಾಟ್‌ಫಾರ್ಮ್ ಖಾಲಿ. ಇಂಗಳೇಶ್ವರದ ಗಂಡ ಹೆಂಡತಿ ಇಬ್ಬರು ಚೀಲಗಳ ನಡುವೆ ನಿಂತು ಹಳಿ ನೋಡುತ್ತಿದ್ದರು. ಅವರೂ ನನ್ನಂತೆಯೇ ಲೆಕ್ಕ ಹಾಕಿ ಬಂದವರು. ಹೊರಗೆ ಆಟೊದವನೊಬ್ಬ ಆಗಷ್ಟೇ ಬಂದು ಗಾಡಿ ನಿಲ್ಲಿಸುತ್ತಿದ್ದ. ರೈಲಿನಿಂದ ಇಳಿದವರು ಆಟೊ ಸಿಗದೆ ಯಾವುದೋ ಟಂಟಂ ಗಾಡಿ ಹತ್ತಿ ಹೋಗಿಬಿಟ್ಟಿದ್ದರು. ನನ್ನನ್ನು ನೋಡಿ ಅವನೇ ಅಂದ:

"ಇವತ್ತ ಟೈಮಿಗೆ ಬಂದು ಹೋಗೇತ್ರಿ ಸರ. ನನಗೂ ಬಾಡಿಗಿ ತಪ್ತು ನೋಡ್ರಿ."

ಭಾರತಿ ಸೀದಾ ಹೋಗಿ ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ನಿಲುಗಡೆ ಆಲಮಟ್ಟಿ. ಕಾರು ತಿರುಗಿಸಿದೆ.

ಆ ರಸ್ತೆ ನಿಮಗೆ ಗೊತ್ತು. ಕಬ್ಬಿನ ಟ್ರ್ಯಾಕ್ಟರು, ಒಂದರ ಹಿಂದೆ ಎರಡು ಟ್ರೇಲರು, ಹಿಂದೆ ಕೆಂಪು ದೀಪವಿಲ್ಲ. ಅದನ್ನು ದಾಟಿದರೆ ಇನ್ನೊಂದು. ಹೊತ್ತು ಮುಳುಗುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ಅಷ್ಟು ಕೆಟ್ಟದಾಗಿ ಎಂದೂ ಓಡಿಸಿಲ್ಲ. ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಎದುರಿಗೆ ಬಂದ ಬೈಕಿನವ ನನ್ನ ಮನೆತನವನ್ನೆಲ್ಲ ನೆನೆದಿರಬೇಕು. ಅವನ ತಪ್ಪೇನಿಲ್ಲ.

ಅರ್ಧ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು.

ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿ. ಒಂದು ಡಬ್ಬಿ, ಇನ್ನೊಂದು ಡಬ್ಬಿ, ಮತ್ತೊಂದು. ಅದಕ್ಕೇನು ಅವಸರ? ನಾನು ಸ್ಟೇರಿಂಗ್ ಗುದ್ದಿದೆ, ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಭಾರತಿ ತೊಡೆಯ ಮೇಲೆ ದಾಖಲೆಗಳ ಫೈಲು ಇಟ್ಟುಕೊಂಡು, ಅದರ ದಾರವನ್ನು ಬಿಚ್ಚಿ ಕಟ್ಟುತ್ತ ಕುಳಿತಿದ್ದಳು.

ಬಸ್ಸು ಹುಡುಕೋಣ, ವಿಜಯಪುರಕ್ಕೆ ಹೋಗೋಣ, ಯಾರಿಗಾದರೂ ಫೋನು ಮಾಡೋಣ ಎಂದು ನಾನು ಏನೇನೋ ಬಡಬಡಿಸುತ್ತಿದ್ದೆ. ಅವಳು ಮೊದಲ ಸಲ ಬಾಯಿ ಬಿಟ್ಟಳು.

"ಅಣ್ಣಾ, ನನ್ನ ವಯಸ್ಸ ಈ ಸಲಕ್ಕ ಮುಗೀತು. ಇದು ಹ್ವಾದ್ರ ಮತ್ತ ಅರ್ಜಿ ಹಾಕಾಕ ಬರೂದಿಲ್ಲ."

ಅಷ್ಟೇ. ದನಿ ಏರಲಿಲ್ಲ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹದಿನಾಲ್ಕು ವರ್ಷ ಕಾದವಳ ಕೆಲಸವನ್ನು ನಾನು ಒಂದು ಕಪ್ ಚಹಾಕ್ಕೆ ಮಾರಿದ್ದೆ.

ಗೇಟು ಎತ್ತಿದರು. ನಿಡಗುಂದಿ ದಾಟಿದೆವು. ಆಲಮಟ್ಟಿ ಸ್ಟೇಷನ್ ಮುಂದೆ ಕಾರನ್ನು ಎಲ್ಲಿ ನಿಲ್ಲಿಸಿದೆನೋ ದೇವರೇ ಬಲ್ಲ. ಗಡಿಯಾರದ ಪ್ರಕಾರ ರೈಲು ಹೋಗಿ ಹದಿನೈದು ನಿಮಿಷವಾಗಿರಬೇಕು. ಭಾರತಿ ಬ್ಯಾಗು ಹೊತ್ತು ಓಡಿದಳು, ಹಿಂದೆ ನಾನು ಏದುಸಿರು ಬಿಡುತ್ತ.

ಪ್ಲಾಟ್‌ಫಾರ್ಮಿನ ತುಂಬ ಜನ! ಯಾರೂ ಹೋಗಿಲ್ಲ!

ಚಹಾ ಮಾರುವವನನ್ನು ಕೇಳಿದೆ. ಸಿಗ್ನಲ್ ಸಿಗದೆ ಗಾಡಿ ಸ್ಟೇಷನ್ನಿನ ಹೊರಗೆ, ಔಟರ್‌ನಲ್ಲಿ ನಿಂತಿದೆಯಂತೆ, ಆಗಲೇ ಇಪ್ಪತ್ತು ನಿಮಿಷವಾಯಿತಂತೆ. ಪಕ್ಕದಲ್ಲೊಬ್ಬರು ವ್ಯವಸ್ಥೆಯನ್ನು ಬೈಯುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೂ ದನಿಗೂಡಿಸುತ್ತಿದ್ದೆ. ಅವತ್ತು ಕತ್ತಲಲ್ಲಿ ದೂರ ನಿಂತಿದ್ದ ಆ ದೀಪಕ್ಕೆ ಕೈ ಮುಗಿದೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಕೊನೆಗೂ ಗಾಡಿ ಬಂತು, ಅವಳು ಹತ್ತಿದಳು. ನನ್ನ ಮುಖ ನೋಡಲಿಲ್ಲ. ರೈಲು ಹೋದ ಮೇಲೂ ನಾನು ಬಹಳ ಹೊತ್ತು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದೆ.

ಕುಳಿತಲ್ಲಿ ಒಂದು ಮಾತು ಹೊಳೆಯಿತು. ತಡವಾಗಿ ಬರುವ ರೈಲಿನಿಂದ ನಮ್ಮ ಹೊತ್ತು ಹಾಳಾಗುತ್ತದೆ ಎಂದಷ್ಟೇ ನಾನು ಇಷ್ಟು ವರ್ಷ ಬರೆದೆ. ಅದು ನಮಗೆ ಕಲಿಸಿದ ಚಾಳಿಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಆಟೊದವ ತಡವಾಗಿ ಬರುತ್ತಾನೆ, ಯಾಕೆಂದರೆ ರೈಲು ತಡ. ಪ್ರಯಾಣಿಕ ತಡವಾಗಿ ಹೊರಡುತ್ತಾನೆ, ಯಾಕೆಂದರೆ ಆಟೊನೂ ತಡ. ಊರಿಗೂ ಸ್ಟೇಷನ್ನಿಗೂ ನಡುವೆ ಇರುವುದೆಲ್ಲ ಆ ಮುಕ್ಕಾಲು ಗಂಟೆಯನ್ನು ನಂಬಿಯೇ ನಿಂತಿದೆ. ಒಂದು ದಿನ ಗಾಡಿ ಸರಿಯಾಗಿ ಬಂದರೆ ಹತ್ತಲು ಯಾರೂ ಇಲ್ಲ, ಇಳಿದವರನ್ನು ಕರೆದೊಯ್ಯಲೂ ಯಾರೂ ಇಲ್ಲ. ಹೊಸ ಮಾರ್ಗ ಬೇಕು, ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲು ಬೇಕು, ಒಪ್ಪಿದೆ. ಬಂದ ರೈಲನ್ನು ನಂಬುವುದು ನಮಗೆ ಮರೆತೇ ಹೋಗಿದೆಯಲ್ಲ, ಅದಕ್ಕೆ ಯಾವ ಸರ್ವೆ ಮಾಡಿಸೋಣ?

ಹೀಗೆಲ್ಲ ದೊಡ್ಡ ದೊಡ್ಡ ವಿಚಾರ ಮಾಡಿ, ಈ ವಾರದ ಅಂಕಣ ಸಿಕ್ಕಿತು ಎಂಬ ಸಣ್ಣ ಸಮಾಧಾನದಲ್ಲಿ ಮನೆಗೆ ಬಂದೆ. (ಬರೆಯುವವರ ಬುದ್ಧಿ ಇಷ್ಟೇ ನೋಡಿ.)

ಸೋಮವಾರ ಮಧ್ಯಾಹ್ನ ಭಾರತಿಯ ಫೋನು ಬಂತು. ಪರಿಶೀಲನೆ ಮುಗಿದಿತ್ತು, ಕಾಗದಪತ್ರಗಳೆಲ್ಲ ಸರಿಯಾಗಿದ್ದವು, ಹೆಸರು ಪಟ್ಟಿಯಲ್ಲೇ ಉಳಿದಿತ್ತು. ನನ್ನ ಹೆಂಡತಿ ಫೋನಿನಲ್ಲೇ ಅತ್ತುಬಿಟ್ಟಳು. ಫೋನು ನನ್ನ ಕೈಗೆ ಬಂದಾಗ ಖುಷಿಯಲ್ಲಿ ಹೇಳಿದೆ: ನಿನ್ನೆಯದನ್ನೇ ಈ ವಾರ ಬರೆಯುತ್ತೇನೆ, ಒಳ್ಳೆ ಮಜಾ ಬರುತ್ತದೆ ಎಂದು.

ಭಾರತಿ ಕೇಳಿದಳು:

"ಆಲಮಟ್ಟಿಗೂ ಅದು ಟೈಮಿಗೆ ಬಂದಿದ್ರ, ಏನ್ ಬರೀತಿದ್ದಿ ಅಣ್ಣಾ?"