ಮ್ಯೂಸಿಯಮ್ಮಿಗೆ ಹೋದ ಬಾಬಯ್ಯನ ಕೈ

ಐವತ್ತರ ದಶಕದಲ್ಲಿ ಶಿರಾ ಸೀಮೆಯ ನಮ್ಮ ಹಳ್ಳಿಯಲ್ಲಿ ಮುಸ್ಲಿಮರ ಮನೆ ಒಂದೂ ಇರಲಿಲ್ಲ. ಆದರೂ ಬಾಬಯ್ಯನ ಹಬ್ಬ ತಪ್ಪುತ್ತಿರಲಿಲ್ಲ. ಬಾಬಯ್ಯನೆಂದರೆ ಹಿತ್ತಾಳೆಯ ಅಂಗೈ; ವರ್ಷವಿಡೀ ನಮ್ಮ ಮನೆಯ ಅಟ್ಟದಲ್ಲೇ ಇರುತ್ತಿತ್ತು. ಮೊಹರಂ ಬಂದಾಗ ಶಿರಾದಿಂದ ಮುಲ್ಲಾ ಸಾಬರು ಬಂದು ಅದನ್ನು ತೊಳೆದು, ಬಟ್ಟೆ ಉಡಿಸಿ, ಸಕ್ಕರೆಯ ಮೇಲೆ ಪ್ರಾರ್ಥನೆ ಓದಿ ಹಂಚುತ್ತಿದ್ದರು. ನನ್ನ ಮಗ ಕೂಸಾಗಿದ್ದಾಗ ಜ್ವರ ಬಂದು ಆಸೆಯೇ ಬಿಟ್ಟಿದ್ದೆವು. ಆಗ ನನ್ನ ಅತ್ತೆ ಬಾಬಯ್ಯನಿಗೆ ಹರಕೆ ಹೊತ್ತರು: ಉಳಿದರೆ, ಮೀಸೆ ಚಿಗುರುವ ತನಕ ಪ್ರತಿ ಹಬ್ಬಕ್ಕೂ ಹುಡುಗನ ಕೈಗೆ ಬಾಬಯ್ಯನ ಮುಂದೆ ಸಾಬರಿಂದ ಕೆಂಪು ದಾರ ಕಟ್ಟಿಸುವುದು. ಹುಡುಗ ಉಳಿದ.

ಒಂದು ವರ್ಷ ಹಿತ್ತಾಳೆ ಕೈಯ ಬೆರಳು ಮುರಿಯಿತು. ಭಿನ್ನವಾದದ್ದನ್ನು ಕೂರಿಸುವ ಹಾಗಿಲ್ಲ. ಅತ್ತೆ ಶಿರಾದಲ್ಲಿ ಹೊಸದು ಮಾಡಿಸಿದರು. ಅಷ್ಟರಲ್ಲಿ ಪಟ್ಟಣದಿಂದ ಜೀಪಿನಲ್ಲಿ ಒಬ್ಬರು ಬಂದು, ಮ್ಯೂಸಿಯಮ್ಮಿಗೆ ಹಳೆಯ ಸಾಮಾನು ಬೇಕೆಂದರು. ಮಾವ ಅಟ್ಟದಲ್ಲಿದ್ದ ಬಿತ್ತನೆಯ ಕೂರಿಗೆಯನ್ನೂ ಮುರಿದ ಕೈಯನ್ನೂ ಕೊಟ್ಟುಬಿಟ್ಟರು. ಮ್ಯೂಸಿಯಂ ಅಂದರೆ ಮಠದಂಥದ್ದು, ಅಲ್ಲಿ ದಿನಾ ದೀಪ ಹಚ್ಚುತ್ತಾರೆ ಎಂದೇ ಅವರ ನಂಬಿಕೆ.

"ಭಿನ್ನ ಆಗೈತೆ, ಆದ್ರೂ ಒಂದಿಷ್ಟು ಸಾಂಬ್ರಾಣಿ ಹಾಕ್ಸಿ ಸ್ವಾಮಿ" ಎಂದು ಬೇರೆ ಹೇಳಿದರು. ಆತ ನಗಲಿಲ್ಲ, ಪುಣ್ಯ.

ಮಗ ಮಿಡ್ಲ್‌ಸ್ಕೂಲಿಗೆ ಬಂದಾಗ ಮೇಷ್ಟ್ರು ಮಕ್ಕಳಿಗೆ ಅದೇ ಮ್ಯೂಸಿಯಂ ತೋರಿಸಿಕೊಂಡು ಬಂದರು. ನಮ್ಮ ಕೂರಿಗೆ ಇದ್ದ ಕೋಣೆಗೆ 'ಹಿಂದೂ ರೈತರ ಬದುಕು' ಎಂದು ಬೋರ್ಡು ಹಾಕಿದ್ದಾರಂತೆ. ಕೈ ಇರುವುದು ಬೇರೆ ಕೋಣೆಯಲ್ಲಿ. ಅದರ ಬೋರ್ಡು 'ಮುಸ್ಲಿಮರ ಆಚರಣೆ'. ಒಂದೇ ಅಟ್ಟದಿಂದ ಇಳಿದ ಸಾಮಾನು! ನನಗೆ ಸಿಟ್ಟೂ ಬರಲಿಲ್ಲ, ಸುಸ್ತಾಯಿತು ಅಷ್ಟೆ. ಅಲ್ಲಿ ಹೋಗಿ ಯಾರಿಗೆ ಹೇಳುವುದು, ಹೇಳಿದರೆ ಕೇಳುವವರು ಯಾರು?

ಆ ವರ್ಷದ ಹಬ್ಬದಲ್ಲಿ ಸಾಬರು ದಾರ ಕಟ್ಟಲು ಕರೆದಾಗ ಮಗ ತನ್ನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಅದು ಅವರ್ದು ಕಣಜ್ಜಿ. ಅಲ್ಲಿ ಬರೆದವ್ರೆ."

"ಯಾವನ್ಲಾ ಬರ್ದೋನು? ನೀನು ಉಳ್ದಿದ್ದು ಯಾರಿಂದ್ಲಾ?" ಅತ್ತೆ ಅವನ ರಟ್ಟೆ ಹಿಡಿದೆಳೆದರು. ಹರಕೆ ತಪ್ಪಿದರೆ ಮೊಮ್ಮಗನಿಗೇ ಏನಾದರೂ ಆದೀತೆಂಬ ಭಯ ಅವರಿಗೆ.

ನಾನು ಗದರಿದೆ, ಮಾವ ರಮಿಸಿದರು. ಅವನು ಜಗ್ಗಲಿಲ್ಲ. ಸಾಬರು ದಾರ ಹಿಡಿದುಕೊಂಡು ಪಡಸಾಲೆಯಲ್ಲಿ ಕೂತೇ ಇದ್ದರು. ಕೊನೆಗೆ ಅದನ್ನು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಕೇಳಿದರು.

"ಹಂಗಾದ್ರೆ ಅಮ್ಮಾ, ಈ ಕೈನ ನಾನೇ ಶಿರಾಕ್ಕೆ ತಗೊಂಡೋಗ್ಲಾ?"

ಅಷ್ಟು ವರ್ಷಗಳಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು.

ಅತ್ತೆ ಹೊಸ ಕೈಯನ್ನು ಮಡಿಲಿಗೆಳೆದುಕೊಂಡರು. "ನೀವೂ ಅಂಗೇ ಅಂತೀರಾ ಸಾಬ್ರೇ?"