ಎದುರುಮನೆ ಮಾವನ ಓಟ

ಭಾನುವಾರ, ಬೆಳಗಿನ ಐದೂವರೆ. ಚಳ್ಳಕೆರೆಯ ನಮ್ಮ ಅಡುಗೆಮನೆಯಲ್ಲಿ ಹಾಜರಿದ್ದವರು ನಾನು ಮತ್ತು ನನ್ನ ಸೊಸೆ. ಮಗ ಇನ್ನೂ ಮಲಗಿದ್ದ. ಅವನನ್ನು ಹಾಜರಿಗೆ ಸೇರಿಸಿಲ್ಲ. ಕಾಯಿಸಿದ ಶೇಂಗಾ ಎಣ್ಣೆಯನ್ನು ಒಲೆಯಿಂದ ಇಳಿಸಿ ಅದಕ್ಕೆ ಕರ್ಪೂರ ಹಾಕಿದೆ. ಕರಗುತ್ತಿದ್ದಂತೆ ಆ ವಾಸನೆ ಎದ್ದಿತು.

"ಅತ್ತೆ, ಈ ವಯಸ್ಸಿಗೆ ಇದೆಲ್ಲ ಬೇಕೇನ್ರಿ?" ಎಂದಳು ಸೊಸೆ.

"ಬೇಕು" ಎಂದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡೆ.

ಅಂದು ಫುಟ್ಬಾಲ್ ರೆಫರಿಗಳಿಗೆ ವರ್ಷಕ್ಕೊಮ್ಮೆ ನಡೆಯುವ ಓಟದ ಪರೀಕ್ಷೆ. ಗೊತ್ತಾದ ಸಮಯದೊಳಗೆ ಮೈದಾನದ ಸುತ್ತುಗಳನ್ನು ಮುಗಿಸಿದರೆ ಆ ವರ್ಷ ಸೀಟಿ ಊದಬಹುದು, ಇಲ್ಲವಾದರೆ ಇಲ್ಲ. ನನಗೆ ಅರವತ್ತು ದಾಟಿದೆ. ಪಿ.ಟಿ. ಟೀಚರ್ ಕೆಲಸದಿಂದ ನಿವೃತ್ತಿಯಾಗಿದೆ, ಓಟದಿಂದ ಆಗಿಲ್ಲ. ಕರ್ಪೂರದ ಈ ಎಣ್ಣೆಯನ್ನು ನನಗೆ ಕಲಿಸಿದವರು ಮೊಳಕಾಲ್ಮೂರಿನ ಎದುರುಮನೆ ಮಾವ.

ನನ್ನ ಮೊದಲ ಪೋಸ್ಟಿಂಗು ಆ ಊರಿನ ಹೆಣ್ಣುಮಕ್ಕಳ ಶಾಲೆಗೆ. ಬಾಡಿಗೆಗೆ ಹಿಡಿದದ್ದು ನೇಕಾರರ ಬೀದಿಯ ಒಂದು ಮನೆ. ಎದುರಿನ ಬಾಗಿಲಲ್ಲಿ ಹಗಲೆಲ್ಲ ಮಗ್ಗದ ಸದ್ದು. ಮಗ್ಗದ ಕೆಳಗಿನ ಗುಂಡಿಯೊಳಗೆ ಕಾಲಿಟ್ಟು ಕೂತು, ಕಾಲುಹಲಗೆ ತುಳಿಯುತ್ತಾ ರೇಷ್ಮೆ ಸೀರೆ ನೇಯುತ್ತಿದ್ದ ಆ ಮನುಷ್ಯ ಸಂಜೆಗೆ ಖಾಕಿ ಚಡ್ಡಿ ಹಾಕಿ, ಜೇಬಿಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು ಮೈದಾನಕ್ಕೆ ಹೊರಟುಬಿಡುತ್ತಿದ್ದರು. ಕಬಡ್ಡಿ, ಖೋಖೋ ಬಿಟ್ಟರೆ ಬೇರೆ ಆಟವೇ ಇಲ್ಲವೆನ್ನುವ ಊರಿನಲ್ಲಿ ಸರ್ಟಿಫಿಕೇಟ್ ಇದ್ದ ಫುಟ್ಬಾಲ್ ರೆಫರಿ ಅವರೊಬ್ಬರೇ. ಬೀದಿಯವರು ನಗುತ್ತಿದ್ದರು. ಅವರು ನಗುವವರ ಮುಂದೆಯೇ ಹಾದು ಹೋಗುತ್ತಿದ್ದರು, ಸುತ್ತುದಾರಿ ಹಿಡಿಯುತ್ತಿರಲಿಲ್ಲ.

ಒಂದು ಪಂದ್ಯ ನೆನಪಿದೆ. ನಮ್ಮ ಬೀದಿಯ ಹುಡುಗರಿಗೂ ಚಳ್ಳಕೆರೆಯವರಿಗೂ ಆಟ. ನಮ್ಮ ಹುಡುಗನೊಬ್ಬ ಗೋಲಿನ ಮುಂದೆ ಚೆಂಡನ್ನು ಕೈಯಿಂದ ತಡೆದ. ಮಾವನ ಮೊಣಕಾಲು ಹಿಡಿದುಕೊಂಡಿತ್ತು. ಅವರು ಇನ್ನೂ ಮೈದಾನದ ನಡುವೆ ಇದ್ದರು. ಅಲ್ಲಿಂದಲೇ ಸೀಟಿ ಊದಿ ಪೆನಾಲ್ಟಿ ಕೊಟ್ಟರು.

"ಏ ಮಾವ, ಅಷ್ಟು ದೂರದಿಂದ ನಿನಗೇನ್ ಕಾಣ್ತೋ? ಮಗ್ಗದ ಗುಂಡೀಲಿ ಕುಂತು ಸೀಟಿ ಊದ್ದಂಗಾತು!" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು. ಪಂದ್ಯ ಸೋತಿದ್ದಕ್ಕೆ ವಾರವಿಡೀ ಅದೇ ಮಾತು.

ಚೆಂಡು ಕೈಗೆ ತಾಗಿದ್ದು ನಿಜ. ಗೋಲಿನ ಹಿಂದೆ ನಿಂತಿದ್ದ ನಾನೇ ನೋಡಿದ್ದೆ. ಹಾಗೆಂದು ಅವರಿಗೆ ಹೇಳಿದೆ.

"ನಾ ಕೊಟ್ಟಿದ್ದು ಸರಿ ಐತೆ, ಅಮ್ಮಾಯಿ. ನಾ ನಿಂತಿದ್ದ ಜಾಗ ತಪ್ಪು" ಎಂದರು. ಅವರ ಮನೆಮಾತು ತೆಲುಗು, ನನ್ನನ್ನು ಕೊನೆಯವರೆಗೂ ಅಮ್ಮಾಯಿ, ಹುಡುಗಿ, ಎಂದೇ ಕರೆದರು. "ಹತ್ರ ಇಲ್ದೋನು ನಿಜ ಹೇಳಿದ್ರೂ ಜನ ಯಾಕ್ ನಂಬಬೇಕು? ನಾಳಿಂದ ಓಡ್ತೀನಿ. ನೀನೂ ಬಾ, ರೆಫರಿ ಪರೀಕ್ಷೆ ಕಟ್ಟು."

ಮರುದಿನ ಬೆಳಗಿನಿಂದ ದೇವಸಮುದ್ರದ ರಸ್ತೆಯಲ್ಲಿ ನಮ್ಮ ಓಟ ಶುರುವಾಯಿತು. ಮದುವೆಯಾಗದ ಟೀಚರು, ನರೆತ ತಲೆಯ ನೇಕಾರ... ಬೀದಿ ಸುಮ್ಮನಿದ್ದೀತೇ? ಮೂರನೆಯ ದಿನ ಅವರ ಹೆಂಡತಿ ಸೆರಗು ಸಿಕ್ಕಿಸಿ ಹೊರಟರು. "ನಾನೂ ಬರ್ತೀನಿ. ಯಾವೋನ್ ಏನಂತಾನೋ ನನ್ ಮುಂದೆ ಅನ್ನಲಿ" ಎಂದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ರೆಫರಿ ಮುಂದಕ್ಕೆ ಮಾತ್ರ ಓಡಿದರೆ ಸಾಲದು. ಆಟದಿಂದ ಕಣ್ಣು ತೆಗೆಯದೆ ಅಡ್ಡಡ್ಡ ಓಡಬೇಕು, ಹಿಂದಕ್ಕೂ ಓಡಬೇಕು. ನೇಯ್ಗೆಗೆ ಮೊದಲು ಹಾಸಿನ ರೇಷ್ಮೆ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟುತ್ತಿದ್ದರಲ್ಲ, ಅದರ ಪಕ್ಕದಲ್ಲಿ ಮಾವ ನನ್ನನ್ನು ಅಡ್ಡಡ್ಡ ಓಡಿಸುತ್ತಿದ್ದರು. ಕಡಿದ ಎಳೆ ಎಲ್ಲಿದೆ ಎಂದು ಓಡುತ್ತಲೇ ಹೇಳಬೇಕು. ಕಾಲ ಕಡೆ ನೋಡಿದೆನೋ, "ಕಾಲು ಎಲ್ಲೂ ಓಡಿಹೋಗಲ್ಲ, ಮೇಲೆ ನೋಡು!" ಎಂಬ ಗದರಿಕೆ. ಎರಡು ಸಲ ಕೋಳಿ ತುಳಿಯುವುದರಲ್ಲಿದ್ದೆ.

ಪರೀಕ್ಷೆ ನಡೆದದ್ದು ಇದೇ ಚಳ್ಳಕೆರೆಯ ಮೈದಾನದಲ್ಲಿ. ನನಗೆ ಹೊಸ ಸರ್ಟಿಫಿಕೇಟಿಗೆ, ಅವರಿಗೆ ನವೀಕರಣಕ್ಕೆ. ಪರೀಕ್ಷಕರು ಅವರಿಗೆ ಹಳೆಯ ಪರಿಚಯ.

"ಯಜಮಾನ್ರೇ, ನೀವ್ಯಾಕ್ ಓಡ್ತೀರಿ? ನೆರಳಾಗೆ ಕೂತ್ಕಳ್ರಿ. ನಿಮ್ದು ಪಾಸ್ ಅಂತ ಬರ್ಕಂತೀನಿ."

"ಓಡ್ದೆ ಬರಕಂಡ್ರೆ ಅದು ನಂದಲ್ಲ ಸಾರ್" ಎಂದು ಹೋಗಿ ಗೆರೆಯ ಮೇಲೆ ನಿಂತರು.

ನಾನು ಮುಗಿಸಿ ತಿರುಗಿ ನೋಡಿದಾಗ ಅವರಿಗೆ ಇನ್ನೂ ಒಂದು ಸುತ್ತು ಉಳಿದಿತ್ತು. ಮೊಣಕಾಲು ಮತ್ತೆ ಹಿಡಿದುಕೊಂಡಿತ್ತು. ಸಮಯ ಮುಗಿಯಿತೆಂದು ಪರೀಕ್ಷಕರು ಸೀಟಿ ಊದಿದರು. ಮಾವ ಗೆರೆ ಬಿಟ್ಟು ಹೊರಗೆ ಬರಲಿಲ್ಲ. ಕುಂಟುತ್ತಾ, ಉಳಿದ ಸುತ್ತನ್ನು ನಡೆದೇ ಮುಗಿಸಿದರು. ಅಷ್ಟು ಹೊತ್ತೂ ಎಲ್ಲರೂ ಕಾಯಬೇಕಾಯಿತು. ಬಂದವರೇ ಜೇಬಿನ ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟರು.

"ಇಟ್ಕಂಡಿರ್ರಿ ಸಾರ್. ಮುಂದಿನ ಸಲ ಓಡಿ ತಗಂತೀನಿ."

ಬಸ್ಸಿನಲ್ಲಿ ನನ್ನನ್ನು ಅಳಲು ಬಿಡಲಿಲ್ಲ. "ಪಾಸಾದೋಳು ನೀನು, ನಗು. ಇನ್ ಮ್ಯಾಲೆ ಸೀಟಿ ನಿಂದು. ಬೈಗುಳದಾಗೆ ಅರ್ಧ ನನಗಿರಲಿ" ಎಂದರು. ತಮ್ಮ ಸೀಟಿಯನ್ನು ಅಂದೇ ನನಗೆ ಕೊಟ್ಟರು. ಅದರ ದಾರ ಮಗ್ಗದಲ್ಲಿ ಉಳಿದ ರೇಷ್ಮೆಯಿಂದ ಅವರೇ ಹೊಸೆದದ್ದು, ಹಸಿರು ಮತ್ತು ಕುಂಕುಮದ ಬಣ್ಣ.

ಅಲ್ಲಿಂದ ಮುಂದೆ ಯಾವ ಪಂದ್ಯ ಮುಗಿಸಿ ಬಂದರೂ ಮಗ್ಗದಿಂದ ತಲೆ ಎತ್ತದೆ ಒಂದೇ ಪ್ರಶ್ನೆ. ಯಾರು ಗೆದ್ದರು ಎಂದಲ್ಲ, ಏನು ಕೊಟ್ಟೆ ಎಂದೂ ಅಲ್ಲ.

"ಎಲ್ಲಿದ್ದೆ?"

"ಹತ್ರ ಇದ್ದೆ ಮಾವ" ಎಂದರೆ ಲಾಳಿ ಓಡುತ್ತಲೇ ಇರುತ್ತಿತ್ತು. ನಾನು ತಡವರಿಸಿದರೆ ನಿಲ್ಲುತ್ತಿತ್ತು.

ಅವರು ಹೇಳಿದ್ದ ಆ ಮುಂದಿನ ಸಲ ಬರಲೇ ಇಲ್ಲ... ಮೊಣಕಾಲು ಬಿಡಲಿಲ್ಲ. ಆದರೂ ನನಗೆ ಬೇರೆ ಊರಿಗೆ ವರ್ಗವಾಗುವವರೆಗೂ ಅದೇ ರಸ್ತೆಯಲ್ಲಿ ಬೆಳಗ್ಗೆ ಅವರು ಕುಂಟುತ್ತಾ ಎದುರಾಗುತ್ತಿದ್ದರು. ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಹೋಗಿ ನೋಡಿದಾಗ ಮಗ್ಗದ ಗುಂಡಿ ಮುಚ್ಚಿ ಟೈಲ್ಸ್ ಹಾಕಿದ್ದರು. ಅದರ ಮೇಲೆ ಕಾಲಿಡಲು ನನಗೆ ಮನಸ್ಸಾಗದೆ ಗೋಡೆ ಬದಿಯಲ್ಲೇ ನಡೆದೆ.

ಈ ಭಾನುವಾರ ಪರೀಕ್ಷಕರ ಮೇಜಿನ ಹಿಂದೆ ಕೂತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಎದ್ದು ಕೈ ಮುಗಿದ.

"ಟೀಚರ್, ಬಿಸಿಲು ಬ್ಯಾರೆ ಐತೆ. ನೀವು ಓಡಾದ್ ಬ್ಯಾಡ್ರಿ, ಕೂತ್ಕಳ್ರಿ. ನಿಮ್ದು ಬರ್ಕಂತೀವಿ."

"ಕೂತು ಪಾಸಾಗೋದಾದ್ರೆ ಮನೇಲೇ ಕೂತಿರ್ತಿದ್ದೆ. ಗೆರೆ ಎಲ್ಲಪ್ಪ?" ಎಂದೆ.

ಎಲ್ಲರಿಗಿಂತ ಹಿಂದೆ ಬಂದೆ. ಸಮಯದೊಳಗೆ ಬಂದೆ. ಅವನು ಗಡಿಯಾರವನ್ನು ಎರಡು ಸಲ ನೋಡಿದ. ನೋಡಲಿ ಎಂದೇ ನಿಂತಿದ್ದೆ.

ಸಂಜೆ ಪರಶುರಾಂಪುರದ ಹುಡುಗರ ಪಂದ್ಯ ನನಗೆ ಬಂತು. ಮೈದಾನದ ಮೂಲೆಯಲ್ಲಿ ಒಬ್ಬ ಹುಡುಗ ಎದುರಾಳಿಯ ಅಂಗಿ ಹಿಡಿದೆಳೆದ. ಸೀಟಿ ಊದಿದೆ. ಅವನು ಮೈದಾನದ ನಡುವಿನ ಕಡೆ ಮುಖ ಮಾಡಿ, "ಏ ಅಜ್ಜೀ, ಅಲ್ಲಿಂದ ಏನ್ ಕಾಣ್ತು ನಿಂಗೆ?" ಎಂದು ಕೂಗಿದ.

"ಇಲ್ಲಿಂದ ಚೆನ್ನಾಗ್ ಕಾಣ್ತಪ್ಪ" ಎಂದೆ, ಅವನ ಬೆನ್ನ ಹಿಂದಿನಿಂದ.

ಬೆಚ್ಚಿ ತಿರುಗಿದ. ಅವನ ಜೊತೆಯವರೇ ನಕ್ಕರು. ಅವನು ಅಂಗಿ ಸರಿಮಾಡಿಕೊಂಡು ಹಿಂದೆ ಸರಿದ.

ಮನೆಗೆ ಬಂದಾಗ ಮಗ ಯಾರು ಗೆದ್ದರೆಂದು ಕೇಳಿದ. ಸೊಸೆ ಮೊಣಕಾಲು ಹೇಗಿದೆ ಎಂದು ಕೇಳಿದಳು. ಇಬ್ಬರಿಗೂ ಉತ್ತರ ಕೊಟ್ಟೆ. ನನಗೆ ಬೇಕಾಗಿದ್ದ ಪ್ರಶ್ನೆಯನ್ನು ಕೇಳುವವರು ಈಗ ಇಲ್ಲ.

ಕಾಲುಚೀಲ ಒಗೆದೆ. ಶೂ ಒರೆಸಿ ಬಾಗಿಲ ಬಳಿ ಇಟ್ಟೆ. ಕೊನೆಗೆ ಸೀಟಿಯ ದಾರವನ್ನು ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ, ಮೊಳೆಗೆ ನೇತುಹಾಕಿದೆ.

"ಹತ್ರ ಇದ್ದೆ ಮಾವ" ಎಂದು ಹೇಳಿ ದೀಪ ಆರಿಸಿದೆ.